ಉಚಿತ ಚಿಕಿತ್ಸೆ ಇರುವ ದೇಶದಲ್ಲಿ ಮೂಲನಿವಾಸಿ ಹೆಣ್ಣುಮಕ್ಕಳ ಆಯಸ್ಸು ಏಕೆ ಕಡಿಮೆ?

ಪ್ರಶ್ನೆ: ಮೈಸೂರಿನ ಓದುಗಿ

ನಮ್ಮ ಮಹಿಳಾ ಅಧ್ಯಯನ ಬಳಗದಲ್ಲಿ ಮುಂದಿನ ತಿಂಗಳು ಕೆನಡಾದ ಮೂಲನಿವಾಸಿ ಮಹಿಳೆಯರ ಆರೋಗ್ಯದ ಬಗ್ಗೆ ನಾನು ಒಂದು ಗಂಟೆ ಮಾತನಾಡಬೇಕಾಗಿದೆ. ವಿಷಯವನ್ನು ನಾನೇ ಉತ್ಸಾಹದಿಂದ ಆರಿಸಿಕೊಂಡೆ. ಓದುತ್ತ ಹೋದಂತೆ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

2021ರ ಜನಗಣತಿಯ ಪ್ರಕಾರ ಆ ದೇಶದಲ್ಲಿ ಫಸ್ಟ್ ನೇಷನ್ಸ್, ಉತ್ತರ ಧ್ರುವದ ಕಡೆಯ ಇನುಯಿಟ್ ಮತ್ತು ಯುರೋಪಿಯನ್ ಮಿಶ್ರ ಮೂಲದ ಮೇಟಿ ಎಂಬ ಮೂರು ಸಮುದಾಯಗಳು ಸೇರಿ ಸುಮಾರು 18 ಲಕ್ಷ ಮಂದಿ, ಅಂದರೆ ಜನಸಂಖ್ಯೆಯ ಶೇಕಡ 5ರಷ್ಟು ಮೂಲನಿವಾಸಿಗಳಿದ್ದಾರೆ. ಅಲ್ಲಿನ ಅಂಕಿಅಂಶ ಇಲಾಖೆಯ ಲೆಕ್ಕದಲ್ಲಿ, 2011ರ ಹೊತ್ತಿಗೆ ಮೂಲನಿವಾಸಿಗಳಲ್ಲದ ಹೆಂಗಸರ ನಿರೀಕ್ಷಿತ ಆಯಸ್ಸಿಗೆ ಹೋಲಿಸಿದರೆ ಫಸ್ಟ್ ನೇಷನ್ಸ್ ಹೆಂಗಸರದು ಒಂಬತ್ತೂವರೆ ವರ್ಷ, ಇನುಯಿಟ್ ಹೆಂಗಸರದು ಹನ್ನೊಂದು ವರ್ಷ, ಮೇಟಿ ಹೆಂಗಸರದು ಐದು ವರ್ಷ ಕಡಿಮೆ ಇತ್ತು. ಅದು ವೈದ್ಯರನ್ನು ಕಾಣಲು, ಆಸ್ಪತ್ರೆಗೆ ಸೇರಲು ಯಾರೂ ಕಾಸು ಕೊಡಬೇಕಿಲ್ಲದ ದೇಶ. ಹಾಗಿದ್ದೂ ಈ ಅಂತರ ಏಕೆ ಎಂದು ಹುಡುಕಿದರೆ ಎಲ್ಲರೂ ಒಂದೇ ಮಾತು ಹೇಳಿ ಮುಗಿಸುತ್ತಾರೆ: ವಸಾಹತುಶಾಹಿ. ಅದು ಸುಳ್ಳಲ್ಲ ಎಂದು ನನಗೂ ಅನ್ನಿಸುತ್ತದೆ, ಆದರೆ ನಮ್ಮಲ್ಲಿ ಹಿರಿಯರು ‘ಎಲ್ಲ ಹಣೆಬರಹ’ ಎಂದಂತೆ, ಅಷ್ಟಕ್ಕೇ ಮಾತು ನಿಂತುಹೋಗುತ್ತದೆ. ನೂರೈವತ್ತು ವರ್ಷದ ಹಿಂದೆ ಯಾವುದೋ ಕಚೇರಿಯಲ್ಲಿ ಬರೆದ ಕಾನೂನು ಇಂದಿನ ಒಬ್ಬ ಹೆಂಗಸಿನ ಮೈಯನ್ನು ಬಂದು ಮುಟ್ಟುವುದು ಯಾವ ದಾರಿಯಲ್ಲಿ? ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಬಲ್ಲ ಒಂದೆರಡು ಉದಾಹರಣೆಗಳು ಬೇಕು. ಕಣ್ಣೀರು ತರಿಸುವ ಕಥೆಗಳು ನನ್ನ ಬಳಿ ಈಗಾಗಲೇ ಬೇಕಾದಷ್ಟಿವೆ.

ಉತ್ತರ 1: ಕಾನೂನು ಓದಿದವನು, ಧಾರವಾಡ

ಆಸ್ಪತ್ರೆಯನ್ನು ಸದ್ಯಕ್ಕೆ ಬದಿಗಿಟ್ಟು ಮನೆಯ ಹಕ್ಕಿನಿಂದ ಆರಂಭಿಸಿ ಎಂಬುದು ನನ್ನ ಸಲಹೆ.

ಮೊದಲು ಎರಡು ಪದಗಳ ಗೊಂದಲವನ್ನು ನಿವಾರಿಸಿಕೊಳ್ಳಬೇಕು, ಇಲ್ಲದಿದ್ದರೆ ನಿಮ್ಮ ಶ್ರೋತೃಗಳು ಅಲ್ಲೇ ಎಡವುತ್ತಾರೆ. ಕೆನಡಾದಲ್ಲಿ 1876ರಿಂದ ಇಂದಿನವರೆಗೆ ತಿದ್ದುಪಡಿಗಳೊಂದಿಗೆ ಜಾರಿಯಲ್ಲಿರುವ ‘ಇಂಡಿಯನ್ ಆಕ್ಟ್’ ನಮಗೆ ಸಂಬಂಧಿಸಿದ್ದಲ್ಲ. ಕೊಲಂಬಸ್ ಮಾಡಿದ ತಪ್ಪು ಶಾಸನದ ಹೆಸರಾಗಿ ಉಳಿದುಕೊಂಡಿದೆ, ಅಷ್ಟೆ. ಹಾಗೆಯೇ ಅಲ್ಲಿನ ‘ರಿಸರ್ವ್’ ಎಂಬುದು ನಮ್ಮ ಮೀಸಲಾತಿಯಲ್ಲ. ಒಂದು ಫಸ್ಟ್ ನೇಷನ್ ವಾಸಿಸಲೆಂದು ಸರ್ಕಾರ ತನ್ನ ಒಡೆತನದಲ್ಲೇ ಉಳಿಸಿಕೊಂಡು ಬಿಟ್ಟುಕೊಟ್ಟಿರುವ ಭೂಮಿ ಅದು.

1869ರ ಒಂದು ಕಾಯಿದೆ, ಅದರ ಬೆನ್ನಿಗೆ ಬಂದ 1876ರ ಈ ಕಾಯಿದೆ, ಎರಡೂ ಸೇರಿ ಯಾರು ಮೂಲನಿವಾಸಿ ಎಂಬುದನ್ನು ಗಂಡಸಿನ ಕಡೆಯಿಂದ ಮಾತ್ರ ಎಣಿಸಲು ತೊಡಗಿದವು. ಮೊಹಾಕ್ ಮೊದಲಾದ ಫಸ್ಟ್ ನೇಷನ್‌ಗಳು ಸೇರಿದ ಹೌಡೆನೊಸೌನಿ ಒಕ್ಕೂಟದಂತಹ ಸಮಾಜಗಳಲ್ಲಿ ಕುಲ ತಾಯಿಯಿಂದ ಬರುತ್ತದೆ. ನಾಯಕನನ್ನು ಆರಿಸುವ ಮತ್ತು ತಪ್ಪು ಮಾಡಿದರೆ ಇಳಿಸುವ ಅಧಿಕಾರ ಕುಲದ ಹಿರಿಯ ಹೆಂಗಸರದು. ನಮ್ಮ ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ತಾಯಿಯಿಂದ ಕುಲ ಎಣಿಸುವುದು ಹೊಸದೇನಲ್ಲ. ಅಂಥ ಸಮಾಜದ ಮೇಲೆ ಕಾನೂನು ಬಂದು ಕೂತು, ಗಂಡಸರಷ್ಟೇ ಮತ ಹಾಕುವ ಗಂಡಸರ ಮಂಡಳಿಗಳನ್ನು ಸ್ಥಾಪಿಸಿತು. ಆ ಮಂಡಳಿಗಳ ಚುನಾವಣೆಯಲ್ಲಿ ಹೆಂಗಸರಿಗೆ ಮತ ಸಿಕ್ಕಿದ್ದು 1951ರಲ್ಲಿ. ಮೂಲನಿವಾಸಿ ಹೆಣ್ಣು ಹೊರಗಿನವನನ್ನು ಮದುವೆಯಾದರೆ ಆಕೆಯ ಕಾನೂನುಬದ್ಧ ಗುರುತು ಅಳಿಸಿಹೋಗುತ್ತಿತ್ತು, ಅದರ ಜೊತೆಗೆ ಊರಿನಲ್ಲಿ ಮನೆ ಹೊಂದುವ, ತಂದೆತಾಯಿಯ ಆಸ್ತಿ ಪಡೆಯುವ, ಕೊನೆಗೆ ಹಿರಿಯರ ಪಕ್ಕದಲ್ಲಿ ಮಣ್ಣಾಗುವ ಹಕ್ಕು ಕೂಡ. ಮೂಲನಿವಾಸಿ ಗಂಡಸು ಹೊರಗಿನವಳನ್ನು ಮದುವೆಯಾದರೆ ಅವನು ಏನನ್ನೂ ಕಳೆದುಕೊಳ್ಳುತ್ತಿರಲಿಲ್ಲ. ಬದಲಾಗಿ ಆಕೆಗೇ ಆ ಗುರುತು ಸಿಗುತ್ತಿತ್ತು.

ಕಾನೂನು ಮೈಯನ್ನು ಮುಟ್ಟುವುದು ಹೇಗೆಂದು ಕೇಳಿದಿರಲ್ಲ, ಮಾಂಟ್ರಿಯಲ್ ಬಳಿಯ ಕಾನಾವಾಗೆ ರಿಸರ್ವ್‌ನ ಮೊಹಾಕ್ ಮಹಿಳೆ ಮೇರಿ ಟೂ-ಆಕ್ಸ್ ಅರ್ಲಿಯವರ ಹೋರಾಟ ಆರಂಭವಾದದ್ದು ಒಂದು ಸಾವಿನಿಂದ. ಮದುವೆಯಿಂದ ಗುರುತು ಕಳೆದುಕೊಂಡು, ಊರಿನ ಮನೆಯನ್ನು ಬಿಟ್ಟುಕೊಡಬೇಕೆಂಬ ಆದೇಶದ ಒತ್ತಡದಲ್ಲಿದ್ದ ಅವರ ಗೆಳತಿ 1966ರಲ್ಲಿ ಹೃದಯಾಘಾತದಿಂದ ಅವರ ತೋಳಿನಲ್ಲೇ ತೀರಿಕೊಂಡರು. ಆ ಸಾವಿಗೆ ಈ ಕಾನೂನೇ ಕಾರಣ ಎಂದು ಮೇರಿ ಕೊನೆಯವರೆಗೂ ನಂಬಿದ್ದರು. ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಟೋಬಿಕ್ ಊರಿನ ಹೆಂಗಸರು ದನಿಯೆತ್ತಿದ್ದೂ ತಲೆಯ ಮೇಲೊಂದು ಸೂರಿಗಾಗಿಯೇ. 1979ರಲ್ಲಿ ಅವರು ಓಕಾದಿಂದ ಒಟ್ಟಾವದವರೆಗೆ, ನೂರಕ್ಕೂ ಹೆಚ್ಚು ಕಿಲೋಮೀಟರ್, ಮಕ್ಕಳನ್ನು ಕಟ್ಟಿಕೊಂಡು ನಡೆದರು. ಅದೇ ಊರಿನ ಸಾಂಡ್ರಾ ಲವ್ಲೇಸ್ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಹೋಗಿ 1981ರಲ್ಲಿ ಗೆದ್ದರು. 1985ರಲ್ಲಿ ಕಾನೂನು ತಿದ್ದುಪಡಿಯಾಯಿತು. ಆದರೆ ಮರಳಿ ಸಿಕ್ಕ ಗುರುತನ್ನು ಮಕ್ಕಳು ಮೊಮ್ಮಕ್ಕಳಿಗೆ ದಾಟಿಸುವಲ್ಲಿ ಹೆಣ್ಣು ಗಂಡಿನ ನಡುವೆ ಭೇದ ಉಳಿದೇ ಇತ್ತು. ಅದನ್ನು ಸರಿಪಡಿಸಲೆಂದು ಬಂದ ಮತ್ತೆರಡು ಕಾಯಿದೆಗಳಲ್ಲಿ ಕೊನೆಯ ಕಲಮು ಜಾರಿಯಾದದ್ದು 2019ರ ಆಗಸ್ಟ್‌ನಲ್ಲಿ.

ಇನ್ನು ಆರೋಗ್ಯಕ್ಕೆ ಬನ್ನಿ. ವೈದ್ಯರು ಮತ್ತು ಆಸ್ಪತ್ರೆ ಉಚಿತವಾದರೂ ಔಷಧಿ, ಹಲ್ಲು, ಕನ್ನಡಕ, ದೂರದ ಆಸ್ಪತ್ರೆಗೆ ಪ್ರಯಾಣ ಇವೆಲ್ಲ ಆ ಉಚಿತದಲ್ಲಿ ಪೂರ್ತಿಯಾಗಿ ಸೇರಿಲ್ಲ. ಗುರುತಿನ ಚೀಟಿಯುಳ್ಳ ಫಸ್ಟ್ ನೇಷನ್ಸ್ ಮಂದಿಗೂ ಇನುಯಿಟ್ ಜನರಿಗೂ ಅವನ್ನು ಕೇಂದ್ರ ಸರ್ಕಾರದ ಪ್ರತ್ಯೇಕ ಯೋಜನೆ ಭರಿಸುತ್ತದೆ. ಹಾಗಾಗಿ ಗುರುತು ಕಳೆದುಕೊಂಡವಳು ಮಾತ್ರೆಯನ್ನೂ ಕಳೆದುಕೊಂಡಳು.

ಇದಕ್ಕಿಂತ ಕ್ರೂರವಾದ ಇನ್ನೊಂದು ಕೊಂಡಿ ಇದೆ. ರಿಸರ್ವ್‌ನಲ್ಲಿ ಮನೆಯ ಸ್ವಾಧೀನ ಪತ್ರ ಹೆಚ್ಚಾಗಿ ಗಂಡನ ಹೆಸರಿನಲ್ಲಿರುತ್ತಿತ್ತು. ವಿಚ್ಛೇದನದಲ್ಲಿ ಮನೆ ಹಂಚುವ ಪ್ರಾಂತೀಯ ಕಾನೂನು ಆ ಭೂಮಿಗೆ ಅನ್ವಯಿಸದು ಎಂದು 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆ ಖಾಲಿ ಜಾಗವನ್ನು ತುಂಬುವ ಕೇಂದ್ರ ಕಾಯಿದೆ ಬಂದದ್ದು 2013ರಲ್ಲಿ. ಅಂದರೆ ಹೊಡೆಯುವ ಗಂಡನಿಂದ ತಪ್ಪಿಸಿಕೊಳ್ಳಬೇಕಾದವಳು ಮನೆಯನ್ನಷ್ಟೇ ಅಲ್ಲದೆ ಊರು, ನಂಟರು, ಭಾಷೆ ಎಲ್ಲವನ್ನೂ ಬಿಟ್ಟು, ಗೊತ್ತುಗುರಿಯಿಲ್ಲದ ನಗರಕ್ಕೆ ಹೋಗಬೇಕಾಗುತ್ತಿತ್ತು. 1980ರಿಂದ 2012ರವರೆಗೆ ಕೊಲೆಯಾದ ಅಥವಾ ಕಾಣೆಯಾದ ಮೂಲನಿವಾಸಿ ಹೆಂಗಸರ 1,181 ಪ್ರಕರಣಗಳನ್ನು ಅಲ್ಲಿನ ಪೊಲೀಸ್ ಇಲಾಖೆಯೇ 2014ರಲ್ಲಿ ಪಟ್ಟಿ ಮಾಡಿತು. ರಾಷ್ಟ್ರೀಯ ವಿಚಾರಣಾ ಆಯೋಗ 2019ರಲ್ಲಿ 231 ಹಕ್ಕೊತ್ತಾಯಗಳೊಂದಿಗೆ ತನ್ನ ವರದಿ ಕೊಟ್ಟು, ಇದನ್ನು ಜನಾಂಗಹತ್ಯೆ ಎಂದೇ ಕರೆಯಿತು. ಆ ಪಟ್ಟಿಯ ಎಲ್ಲ ಸಾವುಗಳಿಗೂ ಮನೆ ಕಳೆದುಕೊಂಡದ್ದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೂ ಆಯೋಗದ ವರದಿಯನ್ನು ಓದುವಾಗ ಸೂರಿನ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

ಉತ್ತರ 2: ವಿನ್ನಿಪೆಗ್‌ನಲ್ಲಿರುವ ದಾದಿ

ನಾನು ತುಮಕೂರು ಕಡೆಯವಳು, ಇಲ್ಲಿನ ಹೆರಿಗೆ ವಿಭಾಗಗಳಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಾನೂನಿನ ದಾರಿಯನ್ನು ಮೇಲಿನವರು ಚೆನ್ನಾಗಿ ತೋರಿಸಿದ್ದಾರೆ. ನನಗೆ ಗೊತ್ತಿರುವ ದಾರಿ ವಿಮಾನದ್ದು.

ಇಲ್ಲಿನ ಮ್ಯಾನಿಟೋಬಾ ಪ್ರಾಂತದ ಉತ್ತರದಲ್ಲಿ, ಕ್ಯೂಬೆಕ್, ನುನಾವುಟ್‌ಗಳ ಹಲವು ದೂರದ ಊರುಗಳಲ್ಲಿ ಹೆರಿಗೆ ಮಾಡಿಸುವವರು ಇಲ್ಲದಿರುವುದರಿಂದ, ಗರ್ಭಿಣಿಯನ್ನು 36ರಿಂದ 38ನೇ ವಾರದ ಹೊತ್ತಿಗೆ ವಿಮಾನದಲ್ಲಿ ದಕ್ಷಿಣದ ನಗರಕ್ಕೆ ಕಳುಹಿಸುವುದು ದಶಕಗಳಿಂದ ನಡೆದುಬಂದ ಪದ್ಧತಿ. ಅಲ್ಲಿ ಆಕೆ ಒಂದು ವಸತಿಗೃಹದಲ್ಲಿ ನೋವು ಬರುವವರೆಗೆ ಎರಡು, ಮೂರು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ವಾರ ಕಾಯುತ್ತಾಳೆ. ಹಿರಿಯ ಮಕ್ಕಳು ಊರಲ್ಲಿ ಯಾರ ಬಳಿಯಲ್ಲೋ ಇರುತ್ತಾರೆ. ಆಕೆ ಅಪ್ರಾಪ್ತೆಯಾಗಿದ್ದರೆ ಅಥವಾ ವೈದ್ಯಕೀಯ ಕಾರಣವಿದ್ದರೆ ಹೊರತು ಜೊತೆಗೊಬ್ಬರ ಪ್ರಯಾಣವೆಚ್ಚವನ್ನು ಸರ್ಕಾರ ಕೊಡುತ್ತಿರಲಿಲ್ಲ. ಗರ್ಭಿಣಿಯ ಜೊತೆ ಒಬ್ಬರಿಗೆ ಖರ್ಚು ಕೊಡುವ ನಿಯಮ ಬಂದದ್ದು 2017ರಲ್ಲಿ. ಅಲ್ಲಿಯವರೆಗೆ ಎಷ್ಟೋ ಹೆಂಗಸರು ತಮ್ಮ ಭಾಷೆ ಬಾರದ ಅಪರಿಚಿತರ ನಡುವೆ ಒಂಟಿಯಾಗಿ ಹೆತ್ತರು.

ನಿಮ್ಮ ಬಳಗದಲ್ಲಿ ಇದನ್ನು ವಿವರಿಸಲು ಹೆಚ್ಚು ಕಷ್ಟಪಡಬೇಕಾಗಿಲ್ಲ. ನಮ್ಮಲ್ಲಿ ಬಸುರಿಯನ್ನು ಏಳನೇ ತಿಂಗಳಿಗೆ ತವರಿಗೆ ಕರೆತರುತ್ತೇವೆ. ಎಣ್ಣೆ ನೀರು, ಬಾಣಂತಿ ಖಾರ, ಬೆಚ್ಚಗಿನ ಕೋಣೆ, ಬೈಯುತ್ತಲೇ ಕಾಲೊತ್ತುವ ಅಜ್ಜಿ, ಇದೆಲ್ಲ ಸೇರಿದರೆ ಬಾಣಂತನ. ಹೆರಿಗೆ ಹತ್ತಿರವಾದಂತೆ ಹೆಣ್ಣು ತವರಿನ ಕಡೆ ನಡೆಯಬೇಕು ಎಂಬುದು ನಮ್ಮ ಲೋಕಜ್ಞಾನ. ಇಲ್ಲಿ ರಾಜ್ಯವ್ಯವಸ್ಥೆ ಅದೇ ಹೊತ್ತಿಗೆ ಆಕೆಯನ್ನು ತವರಿನಿಂದ ಸಾವಿರ ಕಿಲೋಮೀಟರ್ ಆಚೆ ಒಯ್ಯುತ್ತದೆ. ಕ್ರೀ ಎಂಬ ಮೂಲನಿವಾಸಿ ಸಮುದಾಯದ ಒಬ್ಬ ತಾಯಿಗೆ ನಾನು ಈ ತವರಿನ ಪದ್ಧತಿಯನ್ನು ವಿವರಿಸಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಅಜ್ಜಿಗೂ ಹಾಗೇ ಆಗಿತ್ತಂತೆ ಎಂದಳು.

ಇನುಯಿಟ್ ಮುದುಕಿಯರಿಗೆ ಈ ಪ್ರಯಾಣ ಇನ್ನೊಂದನ್ನೂ ನೆನಪಿಸುತ್ತದೆ. 1950ರ ದಶಕದಲ್ಲಿ ಸಿ.ಡಿ. ಹೌ ಎಂಬ ಹಡಗು ಬೇಸಿಗೆಯಲ್ಲಿ ಉತ್ತರದ ತೀರಗಳಿಗೆ ಬಂದು ಎಲ್ಲರ ಎದೆಯ ಎಕ್ಸ್-ರೇ ತೆಗೆಯುತ್ತಿತ್ತು. ಕ್ಷಯ ಕಂಡವರಲ್ಲಿ ಅನೇಕರಿಗೆ ದಡಕ್ಕಿಳಿದು ಮಕ್ಕಳ ಮುಖ ನೋಡಿಬರಲೂ ಬಿಡದೆ ಹಾಗೆಯೇ ದಕ್ಷಿಣದ ಕ್ಷಯಾಸ್ಪತ್ರೆಗಳಿಗೆ ಸಾಗಿಸುತ್ತಿದ್ದರು. 1956ರ ಹೊತ್ತಿಗೆ ಏಳು ಇನುಯಿಟ್ ಜನರಲ್ಲಿ ಒಬ್ಬರು ದಕ್ಷಿಣದ ಆಸ್ಪತ್ರೆಯಲ್ಲಿದ್ದರು. ಕೆಲವರು ವರ್ಷಗಟ್ಟಲೆ ಮರಳಲಿಲ್ಲ, ಕೆಲವರ ಗೋರಿ ಎಲ್ಲಿದೆಯೆಂದು ಮನೆಯವರಿಗೆ ತಿಳಿದದ್ದು ಅರ್ಧ ಶತಮಾನ ಕಳೆದ ಮೇಲೆ. ಆಗಿನ ಪ್ರಧಾನಿ ಜಸ್ಟಿನ್ ಟ್ರೂಡೊ ನುನಾವುಟ್‌ನ ರಾಜಧಾನಿ ಇಕಾಲುಯಿಟ್‌ಗೆ ಹೋಗಿ ಇದಕ್ಕಾಗಿ ಕ್ಷಮೆ ಕೇಳಿದ್ದು 2019ರ ಮಾರ್ಚ್‌ನಲ್ಲಿ. ಚಿಕಿತ್ಸೆ ನಿಜವಾದ ಚಿಕಿತ್ಸೆಯೇ ಆಗಿತ್ತು, ಅದರಿಂದ ಜೀವಗಳೂ ಉಳಿದವು. ಆದರೆ ‘ಚಿಕಿತ್ಸೆಗೆ ಕರೆದೊಯ್ಯುವುದು’ ಎಂಬ ಮಾತು ಆ ಜನರ ಕಿವಿಗೆ ಹೇಗೆ ಕೇಳಿಸುತ್ತದೆ ಎಂಬುದು ಅಲ್ಲಿಂದ ನಿರ್ಧಾರವಾಯಿತು.

ಉತ್ತರ 3: ನಿವೃತ್ತ ವೈದ್ಯ, ಹಾಸನ ಜಿಲ್ಲೆ

ಎರಡೂ ಉತ್ತರಗಳನ್ನು ಗೌರವದಿಂದ ಓದಿದೆ. ಆದರೂ ಒಂದು ಆಕ್ಷೇಪವನ್ನು ದಾಖಲಿಸದಿದ್ದರೆ ನನ್ನ ವೃತ್ತಿಗೆ ದ್ರೋಹ ಬಗೆದಂತಾಗುತ್ತದೆ.

ನಾನು 1980ರ ದಶಕದಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೆ. ಮನೆಯಲ್ಲೇ ಹೆತ್ತು, ಕಸ ಬೀಳದೆ ರಕ್ತಸ್ರಾವವಾಗಿ, ಎತ್ತಿನ ಗಾಡಿಯಲ್ಲಿ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಬಿಳುಚಿಕೊಂಡಿರುತ್ತಿದ್ದ ತಾಯಂದಿರನ್ನು ನೋಡಿದ್ದೇನೆ. ಅವರಲ್ಲಿ ಕೆಲವರನ್ನು ಉಳಿಸಿಕೊಳ್ಳಲಾಗಲಿಲ್ಲ. ಸೂಲಗಿತ್ತಿ ನರಸಮ್ಮನವರಂತಹ ಪ್ರತಿಭೆಗೆ ನಾನೂ ಕೈಮುಗಿಯುತ್ತೇನೆ, ಆದರೆ ಊರಿಗೊಬ್ಬ ನರಸಮ್ಮ ಇರಲಿಲ್ಲ. ಹೆರಿಗೆ ಆಸ್ಪತ್ರೆಗೆ ಬಂದ ಮೇಲೆಯೇ ನಮ್ಮ ರಾಜ್ಯದಲ್ಲಿ ತಾಯಂದಿರ ಸಾವು ಇಳಿದದ್ದು. ಹೀಗಿರುವಾಗ ತಾಯಿಯನ್ನು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಕಡೆಗೆ ಮುಂಚಿತವಾಗಿ ಸಾಗಿಸುವುದನ್ನು ವಸಾಹತುಶಾಹಿ ದೌರ್ಜನ್ಯದ ಪಟ್ಟಿಗೆ ಸೇರಿಸಿದರೆ, ಕೇಳುವವರು ಆಸ್ಪತ್ರೆಯೇ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬರುವ ಅಪಾಯವಿದೆ. ಮಧುಮೇಹ, ಮದ್ಯಪಾನ ಇವುಗಳಲ್ಲೂ ಹಾಗೆಯೇ: ಎಲ್ಲವನ್ನೂ ಚರಿತ್ರೆಯ ತಲೆಗೆ ಕಟ್ಟಿದರೆ ಇವತ್ತು ಎದುರಿಗೆ ಕುಳಿತಿರುವ ರೋಗಿಗೆ ವೈದ್ಯ ಏನು ಹೇಳಬೇಕು?

ಉತ್ತರ 4: ವಿನ್ನಿಪೆಗ್‌ನಲ್ಲಿರುವ ದಾದಿ

ಡಾಕ್ಟರೇ, ನಿಮ್ಮ ಆಕ್ಷೇಪ ಬರಲಿ ಎಂದೇ ಕಾಯುತ್ತಿದ್ದೆ, ಏಕೆಂದರೆ ಅದಕ್ಕೆ ಉತ್ತರ ಹಡ್ಸನ್ ಕೊಲ್ಲಿಯ ತೀರದಲ್ಲಿ ಸುಮಾರು ನಲವತ್ತು ವರ್ಷಗಳಿಂದ ಕಣ್ಣೆದುರಿಗೇ ಇದೆ.

ಕ್ಯೂಬೆಕ್‌ನ ಉತ್ತರದ ನುನಾವಿಕ್‌ನಲ್ಲಿ ಪೂವಿರ್ನಿತುಕ್ ಎಂಬ ಇನುಯಿಟ್ ಊರಿದೆ. ದಕ್ಷಿಣದಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಅಲ್ಲಿಯ ಹೆಂಗಸರು ಹೋರಾಡಿ 1986ರಲ್ಲಿ ತಮ್ಮ ಊರಿನಲ್ಲೇ ಹೆರಿಗೆ ಕೇಂದ್ರವನ್ನು ತೆರೆಸಿದರು. 1998ರಲ್ಲಿ ಇನುಕ್‌ಜುಆಕ್, ನಂತರ ಸಲ್ಲುಯಿಟ್ ಊರುಗಳಿಗೂ ಅದು ಹಬ್ಬಿತು. ಅಲ್ಲಿಯ ಸೂಲಗಿತ್ತಿಯರು ನೀವು ಆಸ್ಪತ್ರೆಗೆ ಎದುರಾಗಿ ನಿಲ್ಲಿಸುವ ಸೂಲಗಿತ್ತಿಯರಲ್ಲ. ಊರಿನ ಹುಡುಗಿಯರೇ ಅನುಭವಿಗಳ ಕೈಕೆಳಗೆ ವರ್ಷಗಟ್ಟಲೆ ಕಲಿತು, ರಕ್ತಸ್ರಾವ ನಿಲ್ಲಿಸುವ ಔಷಧಿಯಿಂದ ಹಿಡಿದು ಶಿಶುವಿನ ಉಸಿರಾಟ ಮರಳಿಸುವವರೆಗೆ ಎಲ್ಲದರಲ್ಲೂ ತರಬೇತಿ ಪಡೆದು ಪರವಾನಗಿ ಗಳಿಸಿದವರು. ಪ್ರತಿ ಗರ್ಭಿಣಿಯ ವಿಷಯವನ್ನೂ ಸೂಲಗಿತ್ತಿಯರು, ವೈದ್ಯರು, ದಾದಿಯರು ಒಟ್ಟಿಗೆ ಕುಳಿತು ಪರಿಶೀಲಿಸುತ್ತಾರೆ. ಯಾರಿಗೆ ಅಪಾಯ ಹೆಚ್ಚೋ ಅವರನ್ನು ಇಂದಿಗೂ ಮಾಂಟ್ರಿಯಲ್‌ಗೆ ಕಳುಹಿಸುತ್ತಾರೆ, ಆದರೆ ಬಹುಪಾಲು ಮಕ್ಕಳು ಊರಲ್ಲೇ ಹುಟ್ಟುತ್ತವೆ. ಫಲಿತಾಂಶಗಳನ್ನು ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಪ್ರಕಟಿಸಿದ್ದಾರೆ, ಅವು ಚೆನ್ನಾಗಿವೆ. ಆದ್ದರಿಂದ ನಾನು ಕೇಳುವುದು ಇಷ್ಟೇ: ಅಪಾಯವಿರುವವರನ್ನು ಸಾಗಿಸುವುದು ವೈದ್ಯಶಾಸ್ತ್ರ, ಯಾರನ್ನೂ ನೋಡದೆ ಎಲ್ಲರನ್ನೂ ಸಾಗಿಸುವುದಕ್ಕೆ ನೀವು ಯಾವ ಹೆಸರು ಕೊಡುತ್ತೀರಿ? ಹಾಸನದ ತಾಯಿ ಆಸ್ಪತ್ರೆಗೆ ಹೋದರೂ ಅವಳ ತಾಯಿ ಬುತ್ತಿ ಕಟ್ಟಿಕೊಂಡು ಸಂಜೆಯೊಳಗೆ ಅಲ್ಲಿರುತ್ತಾಳೆ.

ಮಧುಮೇಹದ ವಿಚಾರದಲ್ಲಿ, ಎದುರಿಗಿರುವ ರೋಗಿಗೆ ಚರಿತ್ರೆಯನ್ನು ಮದ್ದಾಗಿ ಬರೆದುಕೊಡಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ ಇಲ್ಲಿನ ಬಯಲು ಸೀಮೆಯ ಜನರ ಆಹಾರವಾಗಿದ್ದ ಕಾಡೆಮ್ಮೆಗಳನ್ನು ಅಳಿಸಿ, ಜನರನ್ನು ಸಣ್ಣ ತುಂಡು ನೆಲಕ್ಕೆ ತಳ್ಳಿ, ಪರವಾನಗಿ ಚೀಟಿಯಿಲ್ಲದೆ ಅದರಾಚೆ ಕಾಲಿಡದಂತೆ ತಡೆದು, ಪಡಿತರವಾಗಿ ಹಿಟ್ಟು, ಕೊಬ್ಬು, ಸಕ್ಕರೆ ಕೊಟ್ಟ ಮೇಲೆ ಆ ಮೂರರಿಂದ ಒಂದು ಅಡುಗೆಪದ್ಧತಿಯೇ ಹುಟ್ಟಿತು ಎಂಬುದನ್ನು ತಿಳಿಯದ ವೈದ್ಯ, ‘ತಾಜಾ ತರಕಾರಿ ತಿನ್ನಿ’ ಎಂದು ಹೇಳಿ ಕಳುಹಿಸುತ್ತಾನೆ. ವಿಮಾನದಲ್ಲಿ ಬರುವ ತರಕಾರಿಯ ಬೆಲೆ ಅವನಿಗೆ ಗೊತ್ತಿರುವುದಿಲ್ಲ. ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ಬೇರ್ಪಡಿಸಿ ಇರಿಸುತ್ತಿದ್ದ, ಸರ್ಕಾರ ಮತ್ತು ಚರ್ಚ್ ನಡೆಸಿದ ವಸತಿ ಶಾಲೆಗಳ ಮಕ್ಕಳ ಮೇಲೆ 1940ರ ದಶಕದ ಕೊನೆಯಿಂದ 1952ರವರೆಗೆ ಪೌಷ್ಟಿಕತೆಯ ಪ್ರಯೋಗಗಳು ನಡೆದವು. ಮಕ್ಕಳು ಹಸಿದಿದ್ದಾರೆಂದು ತಿಳಿದೂ, ಹೋಲಿಕೆಗೆ ಬೇಕೆಂದು ಕೆಲವು ಶಾಲೆಗಳಲ್ಲಿ ಅವರನ್ನು ಹಾಗೆಯೇ ಬಿಟ್ಟರು. ಆ ಮಕ್ಕಳಲ್ಲಿ ಹೆಣ್ಣುಮಕ್ಕಳು ಮುಂದೆ ಬಸುರಿಯಾದರು ಎಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ಭಾರವಾದದ್ದು ಅಪನಂಬಿಕೆ. ಆಲ್ಬರ್ಟಾದಲ್ಲಿ 1928ರಿಂದ 1972ರವರೆಗೆ, ಬ್ರಿಟಿಷ್ ಕೊಲಂಬಿಯಾದಲ್ಲಿ 1933ರಿಂದ 1973ರವರೆಗೆ ಬಲವಂತದ ಸಂತಾನಹರಣಕ್ಕೆ ಅವಕಾಶ ಕೊಡುವ ಕಾನೂನುಗಳಿದ್ದವು. ಆಲ್ಬರ್ಟಾದಲ್ಲಿ 2,800ಕ್ಕೂ ಹೆಚ್ಚು ಜನರಿಗೆ ಶಸ್ತ್ರಚಿಕಿತ್ಸೆಯಾಯಿತು. ಅವರಲ್ಲಿ ಮೂಲನಿವಾಸಿಗಳ ಪಾಲು ಜನಸಂಖ್ಯೆಯಲ್ಲಿ ಅವರಿಗಿದ್ದ ಪಾಲಿಗಿಂತ ಬಹಳ ಹೆಚ್ಚು. ಕಾನೂನು ಹೋದ ಮೇಲೂ ಅಭ್ಯಾಸ ಹೋಗಲಿಲ್ಲ. ಸಾಸ್ಕಟೂನ್‌ನಲ್ಲಿ ಹೆರಿಗೆಯ ಸಮಯದಲ್ಲಿ ಒತ್ತಡ ಹೇರಿ ನಾಳ ಕಟ್ಟಿದ ಬಗ್ಗೆ ಮೇಟಿ ಸಮುದಾಯದವರೇ ಆದ ವಕೀಲೆ ಇವಾನ್ ಬೋಯರ್ ಮತ್ತು ವೈದ್ಯೆ ಜೂಡಿತ್ ಬಾರ್ಟ್ಲೆಟ್ 2017ರಲ್ಲಿ ವರದಿ ಕೊಟ್ಟರು. 2018ರಲ್ಲಿ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಸಮಿತಿ ಇದನ್ನು ಪ್ರಸ್ತಾಪಿಸಿತು. ತುರ್ತುಪರಿಸ್ಥಿತಿಯ ಕಾಲದ ಆಪರೇಷನ್ ಕ್ಯಾಂಪುಗಳನ್ನು ಕಂಡವರು ನಿಮ್ಮ ಬಳಗದಲ್ಲಿ ಇದ್ದೇ ಇರುತ್ತಾರೆ. ಆ ಎರಡು ವರ್ಷದ ಭಯ ನಮ್ಮ ಹಳ್ಳಿಗಳಲ್ಲಿ ಎಷ್ಟು ಕಾಲ ಉಳಿಯಿತೆಂದು ಅವರನ್ನೇ ಕೇಳಿ.

2020ರ ಸೆಪ್ಟೆಂಬರ್ 28ರಂದು ಅಟಿಕಮೆಕ್ ಸಮುದಾಯದ ಜಾಯ್ಸ್ ಎಶಾಕ್ವಾನ್, 37 ವರ್ಷದ, ಏಳು ಮಕ್ಕಳ ತಾಯಿ, ಕ್ಯೂಬೆಕ್‌ನ ಜೋಲಿಯೆಟ್‌ನ ಆಸ್ಪತ್ರೆಯಲ್ಲಿ ಸತ್ತರು. ಸಿಬ್ಬಂದಿ ತಮ್ಮನ್ನು ಹೀನಾಯವಾಗಿ ನಿಂದಿಸುತ್ತಿರುವುದನ್ನು ಅವರು ಸಾಯುವ ಮುನ್ನ ತಮ್ಮ ಫೋನಿನಿಂದ ನೇರಪ್ರಸಾರ ಮಾಡಿದ್ದರು. ಆ ಸಾವಿಗೆ ಜನಾಂಗೀಯ ಪೂರ್ವಗ್ರಹವೂ ಕಾರಣವಾಯಿತೆಂದು ಮರಣವಿಚಾರಣಾಧಿಕಾರಿ ಮರುವರ್ಷ ಬರೆದರು. ಆ ದೃಶ್ಯವನ್ನು ನೋಡಿದ ಒಬ್ಬ ಹೆಂಗಸು ಎದೆನೋವು ಬಂದಾಗ ಆಸ್ಪತ್ರೆಗೆ ಹೊರಡಲು ಎಷ್ಟು ಗಂಟೆ ತಡಮಾಡುತ್ತಾಳೆ? ಆ ತಡ ಯಾವ ಮರಣಪತ್ರದಲ್ಲೂ ದಾಖಲಾಗುವುದಿಲ್ಲ. ಬಾಗಿಲು ಉಚಿತವಾಗಿ ತೆರೆದಿದ್ದರೂ ಆಯಸ್ಸು ಏಕೆ ಕಡಿಮೆ ಎಂಬ ಮೂಲ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ.

ಉತ್ತರ 5: ಚಾಮರಾಜನಗರ ಜಿಲ್ಲೆಯಿಂದ

ಬಿಳಿಗಿರಿರಂಗನ ಬೆಟ್ಟದ ಸೋಲಿಗರೊಂದಿಗೆ ಹೋಲಿಸಿ ಎಂದು ಯಾರಾದರೂ ನಿಮ್ಮನ್ನು ಕೇಳಿಯೇ ಕೇಳುತ್ತಾರೆ, ಆದ್ದರಿಂದ ಒಂದು ಎಚ್ಚರಿಕೆ. ಬ್ರಿಟಿಷರ ಅರಣ್ಯ ಕಾನೂನುಗಳೂ 1974ರಲ್ಲಿ ಆದ ವನ್ಯಧಾಮವೂ ಸೋಲಿಗರನ್ನು ಪೋಡುಗಳಿಂದ ಎಬ್ಬಿಸಿ, ಕಾಡಿನ ಗೆಡ್ಡೆ, ಸೊಪ್ಪು, ಜೇನುಗಳಿಂದ ದೂರ ಮಾಡಿದವು; ನೆಲ ಕಳೆದುಕೊಂಡದ್ದು ತಟ್ಟೆಯ ಊಟದಲ್ಲಿ ಕಾಣಿಸಿತು ಎಂಬಷ್ಟರಮಟ್ಟಿಗೆ ಸಾಮ್ಯವಿದೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಅವರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಆದರೆ ಕೆನಡಾದಲ್ಲಿ ಬಂದವರು ಹೋಗಲೇ ಇಲ್ಲ. ಅಲ್ಲಿನ ಸರ್ಕಾರ, ನ್ಯಾಯಾಲಯ, ಆಸ್ಪತ್ರೆ ಎಲ್ಲವೂ ಬಂದು ನೆಲೆಸಿದವರದೇ. ನಮ್ಮಲ್ಲಿ ಬ್ರಿಟಿಷರು ಹೋದರು, ಅವರ ಕಾನೂನನ್ನು ನಾವು ಉಳಿಸಿಕೊಂಡೆವು. ಈ ವ್ಯತ್ಯಾಸವನ್ನು ಮುಚ್ಚಿಟ್ಟು ಹೋಲಿಸಿದರೆ ಎರಡು ಕಡೆಯವರಿಗೂ ಅನ್ಯಾಯವಾಗುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು: ಮೈಸೂರಿನ ಓದುಗಿ

ಎಲ್ಲರಿಗೂ ಕೃತಜ್ಞಳು. ಇದನ್ನೆಲ್ಲ ಹೇಳಿದ ಮೇಲೆ ಸಭೆಯಲ್ಲಿ ಕುಳಿತವರಿಗೆ ಆ ಹೆಂಗಸರು ಬರೀ ಪೆಟ್ಟು ತಿಂದವರಾಗಿಯೇ ಕಾಣಬಾರದಲ್ಲವೇ? ‘ಕ್ಷೇಮ’ದ ಬಗ್ಗೆ ಆಧಾರವಿರುವ ಮಾತು ಏನಾದರೂ ಇದೆಯೇ? ಇನ್ನೊಂದು ಪುಟ್ಟ ತೊಡಕು: ‘ಕಲ್ಚರಲ್ ಸೇಫ್ಟಿ’ ಎಂಬ ಪದ ಎಲ್ಲ ಕಡೆ ಬರುತ್ತಿದೆ. ಸಾಂಸ್ಕೃತಿಕ ಸುರಕ್ಷತೆ ಎಂದು ಬರೆದರೆ ದೇವಸ್ಥಾನದ ಶಿಲ್ಪಗಳಿಗೆ ಕಾವಲು ಹಾಕಿದಂತೆ ಕೇಳಿಸುತ್ತದೆ.

ಉತ್ತರ 6: ಕಾನೂನು ಓದಿದವನು, ಧಾರವಾಡ

ಮೊದಲನೆಯದಕ್ಕೆ ಒಂದು ಆಧಾರ ಇದೆ. ಮೈಕೆಲ್ ಚಾಂಡ್ಲರ್ ಮತ್ತು ಕ್ರಿಸ್ಟಫರ್ ಲಾಲೊಂಡ್ ಎಂಬ ಮನಶ್ಶಾಸ್ತ್ರಜ್ಞರು 1998ರಲ್ಲಿ ಬ್ರಿಟಿಷ್ ಕೊಲಂಬಿಯಾದ ಸುಮಾರು 200 ಫಸ್ಟ್ ನೇಷನ್ಸ್ ಸಮುದಾಯಗಳಲ್ಲಿ ಯುವಜನರ ಆತ್ಮಹತ್ಯೆಯನ್ನು ಪರಿಶೀಲಿಸಿದರು. ಕೆಲವು ಸಮುದಾಯಗಳಲ್ಲಿ ಪ್ರಮಾಣ ಭೀಕರವಾಗಿತ್ತು, ಎಷ್ಟೋ ಸಮುದಾಯಗಳಲ್ಲಿ ಒಂದು ಸಾವೂ ಇರಲಿಲ್ಲ. ಎಲ್ಲಿ ಭೂಮಿಯ ಹಕ್ಕಿಗಾಗಿ ಹೋರಾಟ, ಸ್ವಯಮಾಡಳಿತ, ತಮ್ಮದೇ ಶಾಲೆ, ಆರೋಗ್ಯ ಸೇವೆ, ಪೊಲೀಸ್ ವ್ಯವಸ್ಥೆ, ಸಂಸ್ಕೃತಿಯ ತಾಣ ಇದ್ದವೋ ಅಲ್ಲಿ ಸಾವು ಕಡಿಮೆ. ಅದೇ ತಂಡ ಮುಂದೆ ಸಮುದಾಯದ ಆಡಳಿತದಲ್ಲಿ ಹೆಂಗಸರ ಪಾಲನ್ನು ಮತ್ತು ಭಾಷೆ ಉಳಿದಿರುವುದನ್ನೂ ಈ ಪಟ್ಟಿಗೆ ಸೇರಿಸಿತು. 1869ರ ಕಾಯಿದೆ ಕಿತ್ತುಕೊಂಡ ವಸ್ತುಗಳ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಆ ಪ್ರಾಂತದಲ್ಲಿ 2013ರಿಂದ ಫಸ್ಟ್ ನೇಷನ್ಸ್‌ನವರ ಆರೋಗ್ಯ ಸೇವೆಗಳನ್ನು ಅವರದೇ ಪ್ರಾಧಿಕಾರ ನಡೆಸುತ್ತಿದೆ.

ಉತ್ತರ 7: ವಿನ್ನಿಪೆಗ್‌ನಲ್ಲಿರುವ ದಾದಿ

ಪದದ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಅದು ದಾದಿಯೊಬ್ಬರ ಕೊಡುಗೆ. ನ್ಯೂಜಿಲೆಂಡ್‌ನ ಮಾವೊರಿ ದಾದಿ ಇರಿಹಾಪೆತಿ ರಾಮ್ಸ್‌ಡೆನ್ ಇದನ್ನು ರೂಪಿಸಿದರು. 1990ರ ದಶಕದ ಆರಂಭದಲ್ಲಿ ಅಲ್ಲಿನ ದಾದಿಯರ ಶಿಕ್ಷಣದಲ್ಲಿ ಅದು ಕಡ್ಡಾಯವಾಯಿತು. ರೋಗಿಯ ಆಚಾರವಿಚಾರಗಳನ್ನು ದಾದಿ ಬಾಯಿಪಾಠ ಮಾಡಬೇಕೆಂದು ಅವರು ಹೇಳಲಿಲ್ಲ. ದಾದಿ ಮೊದಲು ತನ್ನ ಅಧಿಕಾರವನ್ನೂ ಪೂರ್ವಗ್ರಹವನ್ನೂ ನೋಡಿಕೊಳ್ಳಬೇಕು, ಆರೈಕೆ ಸುರಕ್ಷಿತವಾಗಿತ್ತೇ ಇಲ್ಲವೇ ಎಂದು ತೀರ್ಪು ಹೇಳುವವರು ಅದನ್ನು ಪಡೆದವರು ಎಂಬುದು ಅವರ ಮಾತಿನ ತಿರುಳು. ಹಾಗಾಗಿ ‘ಅಳುಕಿಲ್ಲದ ಆರೈಕೆ’ ಎಂದರೆ ಹೇಗೆ? ಅಳುಕು ಯಾರ ಮನಸ್ಸಿನಲ್ಲಿದೆ ಎಂಬುದು ಆ ಪದದಲ್ಲೇ ಸ್ಪಷ್ಟವಾಗುತ್ತದೆ.

ಉತ್ತರ 8: ನಿವೃತ್ತ ವೈದ್ಯ, ಹಾಸನ ಜಿಲ್ಲೆ

ಪೂವಿರ್ನಿತುಕ್‌ನ ಫಲಿತಾಂಶಗಳ ಲೇಖನಗಳನ್ನು ಹುಡುಕಿ ಓದಿದೆ. ಅಪಾಯದ ವಿಂಗಡಣೆಯ ಕ್ರಮ ಕಟ್ಟುನಿಟ್ಟಾಗಿದೆ, ನನ್ನ ಆಕ್ಷೇಪದ ಆ ಭಾಗವನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಆ ಊರಿನಲ್ಲಿ ಸಿಸೇರಿಯನ್ ಸೌಲಭ್ಯ ಇಲ್ಲದಿರುವುದರಿಂದ, ಹವಾಮಾನ ಕೆಟ್ಟು ವಿಮಾನ ಹಾರದ ದಿನ ಏನಾಗುತ್ತದೆ ಎಂಬ ಪ್ರಶ್ನೆ ನನಗೆ ಉಳಿದಿದೆ. ಭಾಷಣದಲ್ಲಿ ಅದನ್ನೂ ಹೇಳಿ. ಆ ಸೂಲಗಿತ್ತಿಯರೂ ಅದನ್ನು ತಿಳಿದೇ ಕೆಲಸ ಮಾಡುತ್ತಾರೆ.

ಮೈಸೂರಿನ ಓದುಗಿ

ಹೇಳುತ್ತೇನೆ. ಭಾಷಣವನ್ನು ಟೋಬಿಕ್‌ನಿಂದ ಆರಂಭಿಸಿ ಪೂವಿರ್ನಿತುಕ್‌ಗೆ ಒಯ್ಯುವುದೆಂದು ನಿರ್ಧರಿಸಿದ್ದೇನೆ. ವಸತಿ ಶಾಲೆಗಳಿಗೆ ಬೇರೆಯೇ ಒಂದು ದಿನ ಬೇಕು. ಗೋಡೆಗೆ ತೂಗುಹಾಕಲು ರಸ್ತೆಗಳನ್ನು ಗುರುತಿಸಿರುವ ಒಂದು ದೊಡ್ಡ ನಕ್ಷೆಯನ್ನು ಹುಡುಕುತ್ತಿದ್ದೇನೆ, ರಸ್ತೆಗಳು ಎಲ್ಲಿ ನಿಂತುಹೋಗುತ್ತವೆ ಎಂಬುದು ಕಾಣಲಿ ಎಂದು. ಇನುಯಿಟ್ ಊರುಗಳ ಹೆಸರನ್ನು ಕನ್ನಡದಲ್ಲಿ ಬರೆದದ್ದು ಸರಿಯೇ ಎಂದು ಆ ಭಾಷೆ ಕೇಳಿ ಬಲ್ಲವರು ಯಾರಾದರೂ ತಿದ್ದಿಕೊಟ್ಟರೆ ಉಪಕಾರವಾಗುತ್ತದೆ.